ಹನ್ನೊಂದು ಮತ, ಇಬ್ಬರು ಸಂಸದರು

ಪತ್ರ: ಇಂಗ್ಲೆಂಡಿನ ಓಲ್ಡ್ ಸೇರಮ್ ಎಂಬ ಜನವಿಲ್ಲದ ಕ್ಷೇತ್ರವನ್ನು ಕಳೆದ ಸಂಚಿಕೆಯಲ್ಲಿ ಹಳಿದಿದ್ದೀರಿ. ಆದರೆ ಮುಂದೆ ಪ್ರಧಾನಿಯಾದ ವಿಲಿಯಂ ಪಿಟ್ 1735ರಲ್ಲಿ ಪಾರ್ಲಿಮೆಂಟ್ ಹೊಕ್ಕಿದ್ದು ಅಲ್ಲಿಂದಲೇ. ಬರ್ಕ್, ಮೆಕಾಲೆ ಕೂಡ ಇಂಥ ಪುಟ್ಟ ಕ್ಷೇತ್ರಗಳ ಕೊಡುಗೆ. ತಲೆ ಎಣಿಸುವ ಚುನಾವಣೆಯಲ್ಲಿ ಅವರು ಗೆಲ್ಲುತ್ತಿದ್ದರೇ?
— ನಿವೃತ್ತ ಉಪನ್ಯಾಸಕರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ಇಷ್ಟು ಓದಿಕೊಂಡು ಪತ್ರ ಬರೆಯುವವರು ಈಗ ಅಪರೂಪ. ನೀವು ಹೇಳಿದ ಮೂವರೂ ದೊಡ್ಡ ಮಾತುಗಾರರು, ಆ ದಾರಿಯಿಂದಲೇ ಒಳಗೆ ಬಂದವರು. ಒಪ್ಪಿದೆ. ಆದರೆ ಆ ದಾರಿಯ ಬಗ್ಗೆ ಅವರೇ ಏನೆಂದರು ಎಂಬುದನ್ನು ನಿಮ್ಮಂಥವರು ಬಿಟ್ಟಿದ್ದು ನನಗೆ ಬೇಸರ ತಂದಿತು.

ಓಲ್ಡ್ ಸೇರಮ್ ಸಾಲಿಸ್‌ಬರಿಯ ಪಕ್ಕದ ಗುಡ್ಡ. 1220ರಲ್ಲಿ ಕೆಳಗಿನ ಬಯಲಿನಲ್ಲಿ ಹೊಸ ಕೆಥೆಡ್ರಲ್ ಏಳತೊಡಗಿತು, ಊರೂ ಕ್ರಮೇಣ ಗುಡ್ಡ ಇಳಿಯಿತು. ಹುಲ್ಲು ಬೆಳೆದ ಮೇಲೂ ಅಲ್ಲಿಂದ ಇಬ್ಬರು ಸಂಸದರು ಹೋಗುತ್ತಲೇ ಇದ್ದರು. ಓಟು ನಿವೇಶನಕ್ಕೆ ಅಂಟಿಕೊಂಡಿತ್ತು. ನಿವೇಶನ ಕೊಂಡವನೇ ಓಟಿನ ಯಜಮಾನ. 1831ರಲ್ಲಿ ಮತದಾರರು 11 ಮಂದಿ, ಒಬ್ಬನೂ ಅಲ್ಲಿ ಮನೆ ಮಾಡಿಕೊಂಡವನಲ್ಲ.

ಆ ನಿವೇಶನಗಳನ್ನು ಕೊಂಡವನು ಯಾರು? ಪಿಟ್‌ನ ಅಜ್ಜ ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಿಲ್ಲದೆ ಒಡಿಶಾದ ಬಾಲಸೋರಿನಲ್ಲಿ ವ್ಯಾಪಾರ ಮಾಡಿ ಹಣ ಕೂಡಿಸಿದವನು, ಆಮೇಲೆ 1698ರಿಂದ 1709ರವರೆಗೆ ಅದೇ ಕಂಪನಿಯ ಮದರಾಸಿನ ಗವರ್ನರ್. ಗೋಲ್ಕೊಂಡ ಸೀಮೆಯ ದೊಡ್ಡ ವಜ್ರವೊಂದನ್ನು ಅಲ್ಲಿ 48,000 ವರಹಕ್ಕೆ ಕೊಂಡು, 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ 1,35,000 ಪೌಂಡಿಗೆ ಮಾರಿದ. ವರಹ ನಮ್ಮ ನಾಣ್ಯ, ಮೇಷ್ಟ್ರೇ! ಗಣಿಯಲ್ಲಿ ಮಣ್ಣು ಹೊತ್ತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ವಜ್ರ ಮಾತ್ರ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಮೊಮ್ಮಗ ಕೂತಿದ್ದು ಈ ಮನೆತನದ ಸೀಟಿನಲ್ಲಿ, ಅದೂ ಅಣ್ಣ ಬಿಟ್ಟುಕೊಟ್ಟಿದ್ದು.

ಆ ಮೊಮ್ಮಗನೇ 1766ರಲ್ಲಿ ಇಂಥ ಕ್ಷೇತ್ರಗಳನ್ನು ಸಂವಿಧಾನದ ಕೊಳೆತ ಭಾಗ ಎಂದ. ನೂರು ವರ್ಷ ಬಾಳಲಾರದು, ತಾನಾಗಿ ಉದುರದಿದ್ದರೆ ಕತ್ತರಿಸಬೇಕಾದೀತು ಎಂದ. ಲ್ಯಾನ್ಸ್‌ಡೌನ್ ಪ್ರಭುವಿನ ಕೃಪೆಯಿಂದ ಕಾನ್ ಎಂಬ ಊರಿನಿಂದ ಆಯ್ಕೆಯಾಗಿದ್ದ ಮೆಕಾಲೆ, 1831ರ ಮಾರ್ಚಿನಲ್ಲಿ ಚುನಾವಣಾ ಸುಧಾರಣೆಯ ಪರವಾಗಿ ಗುಡುಗಿದ. ನಿಮ್ಮ ಮೂವರು ಸಾಕ್ಷಿಗಳಲ್ಲಿ ಇಬ್ಬರು ನನ್ನ ಕಡೆ ನಿಂತಿದ್ದಾರೆ.

ನನ್ನ ಮನಸ್ಸು ಹೋಗುವುದು ಮ್ಯಾಂಚೆಸ್ಟರಿನ ಕಡೆಗೆ. ಲಕ್ಷಕ್ಕೂ ಮಿಕ್ಕ ಜನ, ಹಗಲಿರುಳು ಮಗ್ಗ, ಆದರೂ ತಮ್ಮದೆನ್ನುವ ಒಬ್ಬ ಸಂಸದನಿಲ್ಲ. 1819ರ ಆಗಸ್ಟ್ 16ರಂದು ಅವರು ಹೆಂಡತಿ ಮಕ್ಕಳೊಂದಿಗೆ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸೇರಿದರು. ಕೇಳಿದ್ದು ಪ್ರಾತಿನಿಧ್ಯ. ಕುದುರೆ ಪಡೆಯವರು ಅವರ ಮೇಲೆ ನುಗ್ಗಿ ಕತ್ತಿ ಬೀಸಿದರು. ಅಮ್ಮನ ತೋಳಿನಿಂದ ಕೆಳಗೆ ಬಿದ್ದು ಎರಡು ವರ್ಷದ ಕೂಸು ಸತ್ತಿತು. ಓಲ್ಡ್ ಸೇರಮ್ ಸೇರಿ 56 ಕ್ಷೇತ್ರ ರದ್ದಾಗಿ ಮ್ಯಾಂಚೆಸ್ಟರಿಗೆ ಎರಡು ಸ್ಥಾನ ಸಿಕ್ಕಲು 1832 ಬರಬೇಕಾಯಿತು. ಆಗಲೂ ಮಗ್ಗದವರಲ್ಲಿ ಬಹುತೇಕರಿಗೆ ಓಟಿರಲಿಲ್ಲ. ಪಿಟ್‌ನ ಭಾಷಣ ಎಷ್ಟೇ ಚೆನ್ನಾಗಿರಲಿ, ಆ ಕೂಸಿನ ಎದುರು ಅದನ್ನು ತೂಗಲು ನನಗೆ ಕೈ ಬಾರದು.

ನಮ್ಮ ಹೈಸ್ಕೂಲಿನಲ್ಲಿ ಇಂಗ್ಲೆಂಡಿನ ಪ್ರಧಾನಿಗಳ ಹೆಸರನ್ನು ಉರು ಹೊಡೆಸಿದರು, ಒಂದು ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸಿದರು. ಇಂಗ್ಲೆಂಡಿನ 1832ರ ಈ ಸುಧಾರಣೆಯಾಗಿ ಐವತ್ತು ವರ್ಷ ತುಂಬುವ ಮೊದಲೇ, 1881ರಲ್ಲಿ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಕೂಡಿಸಿದ್ದನ್ನು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅದರಲ್ಲಿ ರೈತರಿದ್ದರು, ವರ್ತಕರಿದ್ದರು. ಅವರಿಗೂ ಓಟಿನ ಬಲವಿರಲಿಲ್ಲ, ಸರ್ಕಾರ ಕರೆದಿತ್ತು, ಬಂದಿದ್ದರು. ಆದರೂ ತಮ್ಮೂರಿನ ಕಷ್ಟವನ್ನು ಹೇಳಿಕೊಳ್ಳಲು ಅವರಿಗೊಂದು ಜಾಗ ಸಿಕ್ಕಿತ್ತು. ಓಲ್ಡ್ ಸೇರಮ್ಮಿನ ಸಂಸದರ ಪಟ್ಟಿ ಇವತ್ತಿಗೂ ಸಿಗುತ್ತದೆ. ನಮ್ಮ ತಾಲ್ಲೂಕುಗಳಿಂದ ಗಾಡಿ ಕಟ್ಟಿಕೊಂಡು ಮೈಸೂರಿಗೆ ಹೋದವರನ್ನು ಅವರ ಮರಿಮಕ್ಕಳೂ ಮರೆತಿದ್ದಾರೆ.

ತಿಪಟೂರಿನ ಹಳೆಯ ಮನೆಗಳ ಅಟ್ಟ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ನಿಮ್ಮ ಸೀಮೆಯಿಂದ ಆ ಸಭೆಗೆ ಹೋದವರ ಬಗ್ಗೆ ಕಾಗದವೋ ಫೋಟೋವೋ ಸಿಕ್ಕರೆ ಬರೆದು ಕಳಿಸಿ ಮೇಷ್ಟ್ರೇ. ನಾಲ್ಕು ಪುಟ ನಿಮಗೆಂದೇ ಇಟ್ಟಿರುತ್ತೇನೆ.