ಕೋವಿಡ್ ಆದ ಮೇಲೆ ಕಾಫಿ ವಾಸನೆ ಕೆಟ್ಟಿದ್ದರೆ

ಕೋವಿಡ್ ಆಗಿ ಮೂರು ತಿಂಗಳಾದರೂ ಕಾಫಿ, ಈರುಳ್ಳಿ ಎಲ್ಲಾ ಸುಟ್ಟ ರಬ್ಬರ್ ಥರ ನಾರುತ್ತದೆ, ಮೆದುಳಿಗೆ ಏನಾದರೂ ಆಗಿದೆಯಾ ಅಂತ ಕೇಳಿದ್ದೀರಿ. ಗಾಬರಿ ಬೇಡ, ಇದಕ್ಕೆ ಪ್ಯಾರೋಸ್ಮಿಯಾ ಅಂತಾರೆ. ನನಗೂ ಆಗಿತ್ತು. ಒಗ್ಗರಣೆಗೆ ಈರುಳ್ಳಿ ಬಿದ್ದ ತಕ್ಷಣ ಹಿತ್ತಲಿಗೆ ಓಡುತ್ತಿದ್ದೆ, ನಮ್ಮ ಮನೆಯವರಿಗೆ ಮಾತ್ರ ಇದು ಕೆಲಸ ತಪ್ಪಿಸಿಕೊಳ್ಳೋ ನೆಪ ಅಂತಲೇ ಅನುಮಾನ!

ವೈರಸ್ ಮುಖ್ಯವಾಗಿ ಹಾಳು ಮಾಡೋದು ಮೂಗಿನೊಳಗೆ ಮೇಲ್ಗಡೆ ವಾಸನೆಯ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳನ್ನು. ಆಸರೆ ಹೋದರೆ ನರಗಳೂ ಸೊರಗುತ್ತವೆ, ಮತ್ತೆ ಚಿಗುರುವಾಗ ಸಂಕೇತ ಅರೆಬರೆಯಾಗಿ ಹೋಗುವುದರಿಂದ ಹೀಗಾಗುತ್ತದೆ ಅನ್ನುತ್ತಾರೆ.

ಮಾಡಬಹುದಾದದ್ದು ಮೂಗಿಗೆ ಅಭ್ಯಾಸ. 2009ರಲ್ಲಿ ಜರ್ಮನಿಯ ಸಂಶೋಧಕ ಥಾಮಸ್ ಹುಮ್ಮೆಲ್ ಅವರ ತಂಡ ವಾಸನೆ ಕಳೆದುಕೊಂಡವರಿಗೆ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ವಾಸನೆಗಳನ್ನು 12 ವಾರ ಮೂಸಿಸಿ ನೋಡಿತ್ತು. ದಿನಕ್ಕೆರಡು ಸಲ, ಒಂದೊಂದನ್ನೂ ಹತ್ತಿಪ್ಪತ್ತು ಸೆಕೆಂಡು. ಸುಮ್ನೆ ಮೂಸಬೇಡಿ, ಹಳೇ ವಾಸನೆ ನೆನಪು ಮಾಡಿಕೊಂಡು ಮೂಸಿ. ನನಗೆ ಮೊದಲು ವಾಪಸ್ ಬಂದಿದ್ದು ಲವಂಗ, ಕಾಫಿಗೆ ಎಂಟು ತಿಂಗಳು ಹಿಡಿಯಿತು.

ಗ್ಯಾಸ್ ಸೋರಿದರೂ ನಿಮಗೆ ಗೊತ್ತಾಗದೇ ಇರಬಹುದು, ರಾತ್ರಿ ರೆಗ್ಯುಲೇಟರ್ ಆಫ್ ಮಾಡಿ ಮಲಗಿ. ಪಾದದಿಂದ ಮೇಲಕ್ಕೆ ಜೋಮು ಹತ್ತಿ ಕಾಲಲ್ಲಿ ಶಕ್ತಿ ಕಡಿಮೆ ಆಗುತ್ತಾ ಹೋದರೆ ಮಾತ್ರ ಅದು ಬೇರೆಯೇ ವಿಷಯ, ಗಿಲಾನ್ ಬಾರೆ ಅನ್ನೋ ನರಗಳ ಕಾಯಿಲೆ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.