ಅಣೆಕಟ್ಟೆಯ ಅಡಿ ಲೆಕ್ಕವೇ ನಿಮ್ಮ ಪಂಚಾಂಗ

ಆಲೂರು ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಹೇಮಾವತಿ ಹಿನ್ನೀರಿಗೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಎರಡು ಕೋಣೆಯ ಹೋಂಸ್ಟೇ. ಅಮೆರಿಕದ ಮಿನ್ನೆಸೋಟದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಈಲಿ ಎಂಬ ಊರಿಗೆ ಕರೆದೊಯ್ದಿದ್ದರು. ಅಲ್ಲಿ ಕನೂ ದೋಣಿ, ಡೇರೆ, ನಾಲ್ಕೈದು ದಿನದ ದಿನಸಿ, ನಕ್ಷೆ ಎಲ್ಲ ಕೊಟ್ಟು ಜನರನ್ನು ಕಾಡಿನ ಕೆರೆಗಳಿಗೆ ಕಳಿಸುವ ಅಂಗಡಿಗಳಿವೆ. ಅಂಥದ್ದನ್ನು ಇಲ್ಲಿ ಮಾಡುವ ಆಸೆ. ಆದರೆ ಆರಿದ್ರೆಯಲ್ಲಿ ಹಿಡಿಯಬೇಕಾದ ಮಳೆ ಯಾವಾಗ ಹಿಡಿಯುತ್ತದೋ, ಯಾವಾಗ ಬಿಡುತ್ತದೋ ಗೊತ್ತಿಲ್ಲ. ಸೀಸನ್ ನಂಬಿ ದುಡ್ಡು ಹಾಕಬಹುದೇ? ಮಗಳು ಅಲ್ಲಿಂದ ಕೆವ್ಲಾರ್ ಎಂಬ ಹಗುರ ನಾರಿನ ದೋಣಿ ಕಳಿಸುತ್ತೇನೆ ಎನ್ನುತ್ತಾಳೆ, ತರಿಸಲೇ?

ಸಂಪಾದಕರ ಉತ್ತರ: ಮಳೆಯನ್ನು ನಂಬಬೇಡಿ. ನಿಮ್ಮ ಮನೆಯಂಗಳದ ಮಳೆಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಗೊರೂರಿನ ಅಣೆಕಟ್ಟೆ ತುಂಬುವುದು ಮೂಡಿಗೆರೆ, ಸಕಲೇಶಪುರದ ಕಡೆ ಹೊಯ್ದ ಮಳೆಯಿಂದ. ಗೊರೂರಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹಿನ್ನೀರು ಏರುವುದನ್ನು ನೀವೂ ಕಂಡಿರುತ್ತೀರಿ. ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಹಿಡಿಯುವ ನೀರು 37 ಟಿಎಂಸಿ ಚಿಲ್ಲರೆ. ಪತ್ರಿಕೆಯ ಮೂಲೆಯಲ್ಲಿ ಬರುವ ಇಂದಿನ ಮಟ್ಟ, ಒಳಹರಿವು, ಹೊರಹರಿವು ಇವನ್ನು ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದರ ಪಕ್ಕದಲ್ಲೇ, ನಿಮ್ಮ ದಡದಲ್ಲಿ ಆ ದಿನ ನೀರು ಎಲ್ಲಿಗಿತ್ತು, ಮುಳುಗಿದ ಮರಗಳ ಯಾವ ಬೊಡ್ಡೆ ತಲೆ ಎತ್ತಿತ್ತು ಎಂಬುದನ್ನೂ ಬರೆಯಿರಿ. ಒಂದು ವರ್ಷ ಇಷ್ಟು ಮಾಡುವವರೆಗೆ ಒಂದು ಹುಟ್ಟನ್ನೂ ಕೊಳ್ಳಬೇಡಿ.

ಇನ್ನೊಂದು ಮಾತು. ನೀರು ಏರುವುದು ಆಕಾಶದ ಕೈಯಲ್ಲಿದ್ದರೂ ಇಳಿಯುವುದು ಸಭೆಯ ಕೈಯಲ್ಲಿದೆ. ನಾಲೆಗೆ ಎಂದಿನಿಂದ, ಎಷ್ಟು ದಿನ ನೀರು ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ತುಮಕೂರು, ಮಂಡ್ಯದ ಗದ್ದೆಗಳಿಗೆ ಅದು ಅನ್ನದ ಪ್ರಶ್ನೆ. ನಿಮ್ಮ ದೋಣಿ ಕೆಸರಿನಲ್ಲಿ ಹೂತಿತೆಂದು ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಲೂ ಬಾರದು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕು ಬರಪಟ್ಟಿಗೆ ಸೇರಿದವು. ಮರುವರ್ಷ ಜುಲೈನಲ್ಲಿ ಸಕಲೇಶಪುರದ ಕಡೆ ಗುಡ್ಡ ಜರಿದು ಶಿರಾಡಿ ಘಾಟಿಯೇ ಬಂದ್. ಒಂದು ವರ್ಷ ನೀರಿಲ್ಲ, ಇನ್ನೊಂದು ವರ್ಷ ನೀರಿದ್ದರೂ ಬರಲು ದಾರಿಯಿಲ್ಲ. ಇವೆರಡೂ ಒಂದರ ಹಿಂದೊಂದು ಬಂದರೂ ಬಡ್ಡಿ ಕಟ್ಟಬಲ್ಲೆನೇ ಎಂದು ಕೇಳಿಕೊಳ್ಳಿ. ಆಗುವುದಿಲ್ಲ ಎನ್ನಿಸಿದರೆ ಸಾಲ ಮಾಡಿ ಇಳಿಯಬೇಡಿ. ನಿಮ್ಮ ಕೈ ಹಿಡಿಯಬೇಕಾದದ್ದು ಕಾಫಿ ಮತ್ತು ಹೋಂಸ್ಟೇ. ದೋಣಿ ಅವುಗಳ ಮೇಲಿನ ಸಂಪಾದನೆ, ಅಷ್ಟೇ.

ಈಲಿಯವರಿಗೆ ನಿಶ್ಚಿಂತೆ ಎಂದುಕೊಂಡಿದ್ದರೆ ಅದೂ ತಪ್ಪು. ಅವರ ಊರಿಗೆ ಅಂಟಿಕೊಂಡ ಬೌಂಡರಿ ವಾಟರ್ಸ್ ಹತ್ತು ಲಕ್ಷ ಎಕರೆಗೂ ಮೀರಿದ ಕಾಡು, ಸಾವಿರಕ್ಕೂ ಹೆಚ್ಚು ಕೆರೆ. ಆದರೆ ವರ್ಷದ ಅರ್ಧ ಅವೆಲ್ಲ ಹೆಪ್ಪುಗಟ್ಟಿರುತ್ತವೆ. ವಾಡಿಕೆಯಂತೆ ಏಪ್ರಿಲ್ ಕೊನೆ, ಮೇ ಮೊದಲ ವಾರದ ಹೊತ್ತಿಗೆ ಮಂಜುಗಡ್ಡೆ ಒಡೆದ ಮೇಲೆ ಸೆಪ್ಟೆಂಬರ್ ಮುಗಿಯುವವರೆಗೆ ದುಡಿದದ್ದೇ ದುಡಿಮೆ. 2024ರಲ್ಲಿ ಆ ರಾಜ್ಯದ ಎಷ್ಟೋ ಕೆರೆಗಳು ವಾರಗಟ್ಟಲೆ ಮುಂಚೆಯೇ ಕರಗಿದವು. 2021ರಲ್ಲಿ ಬರ ಬಿದ್ದು ಕಾಡ್ಗಿಚ್ಚು ಹಬ್ಬಿ, ಆಗಸ್ಟ್‌ನ ತುಂಬು ಸೀಸನ್‌ನಲ್ಲೇ ಅರಣ್ಯ ಇಲಾಖೆ ಇಡೀ ಪ್ರದೇಶವನ್ನು ಕೆಲವು ದಿನ ಮುಚ್ಚಿತು. ಹೊರಟು ನಿಂತಿದ್ದ ಗಿರಾಕಿಗಳನ್ನು ವಾಪಸು ಕಳಿಸಬೇಕಾಯಿತು.

ಅವರಿಂದ ಕಲಿಯಬೇಕಾದದ್ದು ಬೇರೆ ಇದೆ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಯಾವ ದ್ವಾರದಿಂದ ದಿನಕ್ಕೆ ಎಷ್ಟು ತಂಡ ಒಳಗೆ ಹೋಗಬೇಕೆಂದು ಅಲ್ಲಿ ಮಿತಿಯಿದೆ. ತಂಡವೊಂದಕ್ಕೆ ಒಂಬತ್ತು ಜನ, ನಾಲ್ಕು ದೋಣಿ, ಅದಕ್ಕಿಂತ ಹೆಚ್ಚಿಲ್ಲ. ಗಾಜಿನ ಬಾಟಲಿ, ತಗಡಿನ ಡಬ್ಬಿ ಒಯ್ಯುವಂತೆಯೇ ಇಲ್ಲ. ಶನಿವಾರ ಸಂಜೆ ಬೆಂಗಳೂರಿನಿಂದ ಬಂದಿಳಿಯುವ ಕಾರುಗಳ ಡಿಕ್ಕಿಯನ್ನೊಮ್ಮೆ ನೆನೆಸಿಕೊಳ್ಳಿ. ಈ ಒಂದು ನಿಯಮ ನಿಮ್ಮ ದಡದಲ್ಲಿ ಜಾರಿಯಾದರೆ ಅರ್ಧ ಗಿರಾಕಿ ಹೋಗುತ್ತಾರೆ. ಹೋಗಲಿ ಬಿಡಿ. ಉಳಿದ ಅರ್ಧ ಮತ್ತೆ ಬರುವಂಥವರು.

ಈಲಿಯ ಮಾದರಿಯಲ್ಲಿ ಇಲ್ಲಿಗೆ ಒಗ್ಗದ ಮುಖ್ಯ ಸಂಗತಿ ರಾತ್ರಿಯದು. ದಡದಲ್ಲಿ ಡೇರೆ ಹಾಕಿ ಮಲಗಿಸುವ ಯೋಚನೆಯನ್ನು ಬಿಟ್ಟೇಬಿಡಿ. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳಲ್ಲಿ ಆನೆ ಎಲ್ಲಿದೆ ಎಂಬ ಸಂದೇಶ ನೋಡಿಕೊಂಡೇ ಜನ ಬೆಳಿಗ್ಗೆ ಮನೆಯಿಂದ ಹೊರಗೆ ಕಾಲಿಡುತ್ತಾರೆ. ಹಾಗಾಗಿ ಹೊತ್ತು ಚೆನ್ನಾಗಿ ಏರಿದ ಮೇಲೆ ದೋಣಿ ಇಳಿಸಿ, ಬೆಳಕಿರುವಾಗಲೇ ಹೋಂಸ್ಟೇಗೆ ಕರೆತನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಊಟಕ್ಕೆ ಎಲ್ಲರೂ ದಡದ ಮೇಲಿರಬೇಕು. ಆಮೇಲೆ ಏಳುವ ಗುಡುಗು ಸಿಡಿಲಿಗೆ ತೆರೆದ ನೀರಿನ ನಡುವೆ ಮರೆಯೇ ಇಲ್ಲ.

ಇನ್ನು ತಿಂಗಳುಗಳ ಲೆಕ್ಕ. ಜೂನ್, ಜುಲೈ ಗಾಳಿಮಳೆಗೆ ಬಿಟ್ಟುಬಿಡಿ. ನೀರು ತುಂಬಿ, ಗಾಳಿ ತಗ್ಗಿ, ಬಿಸಿಲು ಹಿತವಾಗಿರುವುದು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿ. ತೊಡಕು ಇಲ್ಲಿಯೇ. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ದೋಣಿ ಎಳೆಯುವ ಆಳೂ, ಹಣ್ಣು ಕುಯ್ಯುವ ಆಳೂ ಒಬ್ಬನೇ. ದೋಣಿ ಸಾಗಿಸುವ ಜೀಪಿನಲ್ಲೇ ಹಣ್ಣಿನ ಮೂಟೆಯೂ ಬರಬೇಕು. ಕಣದಲ್ಲಿ ಕಾಫಿ ಹರಡಿದ್ದಾಗ ಅಕಾಲದ ಮೋಡ ಕವಿದರೆ ನೀವು ಗಿರಾಕಿಗೆ ಲೈಫ್ ಜಾಕೆಟ್ ತೊಡಿಸುತ್ತೀರೋ, ಟಾರ್ಪಾಲು ಹೊದಿಸಲು ಓಡುತ್ತೀರೋ? ಆದ್ದರಿಂದ ದೋಣಿಯ ಕೆಲಸಕ್ಕೆ ತೋಟದ ಆಳನ್ನು ನೆಚ್ಚಿಕೊಳ್ಳದೆ, ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವರನ್ನು ಕೇಳಿ. ಯಾವ ಮಟ್ಟಕ್ಕೆ ಯಾವ ಬೊಡ್ಡೆ ನೀರಿನಡಿ ಗೇಣುದ್ದದಲ್ಲಿ ಕಾದಿರುತ್ತದೆಂದು ಬಲ್ಲವರು ಅವರೇ. ಬಲೆ ಬಿಟ್ಟ ಜಾಗವೂ ಅವರಿಗೇ ಗೊತ್ತು. ನಿಮ್ಮ ಗಿರಾಕಿ ಒಂದು ಬಲೆ ಹರಿದರೂ ಆ ದಡದಲ್ಲಿ ನಿಮಗೆ ನೆಲೆಯಿಲ್ಲ, ಅದಕ್ಕೇ ಅವರಿಗೆ ಕೂಲಿಯ ಬದಲು ಪಾಲು ಕೊಡಿ. ಜಲಾಶಯದ ನೀರಿಗೂ ದಡಕ್ಕೂ ಒಡೆಯರು ಬೇರೆ ಬೇರೆ ಇಲಾಖೆಯವರು. ಅನುಮತಿ ಕಾಗದದಲ್ಲಿ ಕೈಗೆ ಬರಲಿ, ಬಾಯಿಮಾತು ಬೇಡ.

ಶೆಟ್ಟಿಹಳ್ಳಿಯ ಇಗರ್ಜಿಯ, ಅಂದರೆ ಹಿನ್ನೀರಿನ ಪಾಳು ಚರ್ಚಿನ ಬಗ್ಗೆಯೂ ಹೇಳಬೇಕು, ನಿಮ್ಮ ಗಿರಾಕಿಗಳು ಕೇಳುವ ಮೊದಲ ಹೆಸರು ಅದೇ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಅಣೆಕಟ್ಟೆ ಆದ ಮೇಲೆ ಮುಳುಗಡೆಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ನಡೆದೇ ಹೋಗಬಹುದು. ಚಾವಣಿ ಹೋಗಿ ಎಷ್ಟೋ ಕಾಲವಾಯಿತು, ಗೋಡೆಗಳು ಆಗಾಗ ಉರುಳುತ್ತಿವೆ. ಕಮಾನಿನೊಳಗೆ ದೋಣಿ ನುಗ್ಗಿಸಿ ಫೋಟೊ ತೆಗೆಸುವ ಆಸೆಗೆ ಸೊಪ್ಪು ಹಾಕಬೇಡಿ. ದೂರದಲ್ಲಿ ನಿಲ್ಲಿಸಿ ತೋರಿಸಿ, ಸಾಕು. ಹಟ ಹಿಡಿದವರಿಗೆ ದುಡ್ಡು ವಾಪಸು ಕೊಟ್ಟು ಕಳಿಸಿ.

ಮುಂಗಡದ ವಿಷಯದಲ್ಲಿ ಒಂದೇ ಷರತ್ತು ಇಟ್ಟುಕೊಳ್ಳಿ. ಹೊರಡುವ ಹಿಂದಿನ ದಿನದ ಮಟ್ಟ ನೀವು ಗೊತ್ತುಮಾಡಿದ ಅಡಿಗಿಂತ ಕೆಳಗಿದ್ದರೆ, ಅಥವಾ ಗಾಳಿ ಎದ್ದಿದ್ದರೆ, ಪೂರ್ತಿ ಹಣ ವಾಪಸು. ಗಿರಾಕಿಗೆ ಮನಸ್ಸಾಗದಿದ್ದರೆ ವಾಪಸಿಲ್ಲ. ಇದನ್ನು ಬುಕಿಂಗ್ ಸಮಯದಲ್ಲೇ ವಾಟ್ಸ್ಆ್ಯಪ್‌ನಲ್ಲಿ ಕನ್ನಡದಲ್ಲಿ ಬರೆದು ಕಳಿಸಿ.

ಲೈಫ್ ಜಾಕೆಟ್‌ಗಳನ್ನು ಮಳೆಗಾಲದಲ್ಲಿ ಮೂಲೆಗೆ ಒಟ್ಟಿದರೆ ಬೂಷ್ಟು ಹಿಡಿದು, ಪಟ್ಟಿಯ ಹೊಲಿಗೆ ಲಡ್ಡಾಗುತ್ತದೆ. ತೊಳೆದು, ನೆರಳಲ್ಲಿ ಒಣಗಿಸಿ, ಗಾಳಿಯಾಡುವಲ್ಲಿ ಒಂದೊಂದಾಗಿ ತೂಗುಹಾಕಿ. ಕಾಫಿ ಗೋದಾಮಿನಲ್ಲಿ ಮಾತ್ರ ಬೇಡ. ಕಾಫಿ ಬೀಜ ಯಾವ ವಾಸನೆಯನ್ನೂ ಹೀರುತ್ತದೆ, ಅದು ನಿಮಗೆ ನಾನು ಹೇಳಬೇಕೇ!

ಕೊನೆಗೆ ಮಗಳ ಕೆವ್ಲಾರ್ ದೋಣಿ. ಅದು ಇಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ. ಅಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ಕಾಲುದಾರಿಯಲ್ಲಿ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು, ಅದಕ್ಕೇ ಆ ಹಗುರ, ಆ ಬೆಲೆ. ನಿಮ್ಮಲ್ಲಿ ಹೊರುವ ದಾರಿಯೇ ಇಲ್ಲ, ನೀರಿನಡಿಯ ಬೊಡ್ಡೆಗೆ ಬಲವಾಗಿ ಬಡಿದರೆ ಅದು ಸೀಳಬಹುದು. ದಪ್ಪ ಪ್ಲಾಸ್ಟಿಕ್ಕಿನ, ಮೇಲೆ ಕೂರುವ ಕಯಾಕ್ ಎರಡು ಮೂರು ಸಾಕು. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಅದೇ ಕೊಳ್ಳಿ. ಮಗಳು ಏನಾದರೂ ಕಳಿಸಲೇಬೇಕೆಂದಿದ್ದರೆ ಒಳ್ಳೆಯ ಲೈಫ್ ಜಾಕೆಟ್ ಕಳಿಸಲಿ, ಮಕ್ಕಳ ಅಳತೆಯವೂ ಇರಲಿ.