ಇಂಗ್ಲಿಷ್ ಪಾಠದ ನಡುವೆ ಮನೆಮಾತು ಬಂದರೆ ತಪ್ಪೇ?

ಪ್ರಶ್ನೆ: ಆರು ಮತ್ತು ಏಳನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕೆಂಬುದು ಶಾಲೆಯ ನಿಯಮ. ಆದರೆ ಅರ್ಥವಾಗಿಲ್ಲವೆಂಬುದು ಮಕ್ಕಳ ಮುಖದಲ್ಲೇ ಕಾಣುತ್ತದೆ. ಆಗ ಕನ್ನಡದಲ್ಲಿ ಹೇಳಿಬಿಡುತ್ತೇನೆ, ಹೇಳಿದ ಮೇಲೆ ತಪ್ಪು ಮಾಡಿದೆನೆನಿಸುತ್ತದೆ. ಹೀಗೆ ಭಾಷೆ ಬದಲಿಸುವುದು ಸರಿಯೇ? ಸರಿಯಾದರೆ ಎಷ್ಟರ ಮಟ್ಟಿಗೆ?

ಉತ್ತರ: ಭಾಷೆ ಬದಲಿಸಿದ್ದರಲ್ಲಿ ತಪ್ಪಿಲ್ಲ. ಯಾವ ಗಳಿಗೆಯಲ್ಲಿ, ಯಾವ ಕೆಲಸಕ್ಕಾಗಿ ಬದಲಿಸಿದಿರಿ, ಆಮೇಲೆ ತರಗತಿಯನ್ನು ಇಂಗ್ಲಿಷಿಗೆ ಮರಳಿ ಕರೆತಂದಿರೋ ಇಲ್ಲವೋ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ನಿಮ್ಮ ಶಾಲೆಯ ನಿಯಮಕ್ಕೆ ದೀರ್ಘ ಹಿನ್ನೆಲೆಯಿದೆ. ಪಠ್ಯವನ್ನು ಸಾಲುಸಾಲಾಗಿ ಅನುವಾದಿಸಿ ವ್ಯಾಕರಣದ ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ಹಳೆಯ ವಿಧಾನದಲ್ಲಿ ಕಲಿತವರು ಓದಬಲ್ಲವರಾಗುತ್ತಿದ್ದರೇ ಹೊರತು ಮಾತನಾಡಬಲ್ಲವರಾಗುತ್ತಿರಲಿಲ್ಲ. ಅದಕ್ಕೆ ವಿರುದ್ಧವಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮನೆಮಾತನ್ನು ಬಳಸದೆ ಕಲಿಯುವ ಭಾಷೆಯಲ್ಲೇ ಪಾಠ ಮಾಡುವ ನೇರ ವಿಧಾನ ಹುಟ್ಟಿಕೊಂಡಿತು. 1878ರಲ್ಲಿ ಅಮೆರಿಕದಲ್ಲಿ ಆರಂಭವಾದ ಬರ್ಲಿಟ್ಜ್ ಭಾಷಾ ಶಾಲೆಗಳು ಅದನ್ನು ಜನಪ್ರಿಯಗೊಳಿಸಿದವು. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ನಡೆದ ಕಾಮನ್‌ವೆಲ್ತ್ ಸಮ್ಮೇಳನದೊಂದಿಗೆ ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕೆಂಬ ಅಭಿಪ್ರಾಯಕ್ಕೆ ಇನ್ನಷ್ಟು ಬಲ ಬಂತು. ಭಾಷಾ ವಿದ್ವಾಂಸ ರಾಬರ್ಟ್ ಫಿಲಿಪ್ಸನ್ 1992ರಲ್ಲಿ ಇದನ್ನು ಆಧಾರವಿಲ್ಲದ ನಂಬಿಕೆಗಳ ಸಾಲಿಗೆ ಸೇರಿಸಿದರು. ಅದಕ್ಕೂ ಮೊದಲೇ, 1967ರ ಹೊತ್ತಿಗೆ, ವೇಲ್ಸ್‌ನಲ್ಲಿ ಸಿ. ಜೆ. ಡಾಡ್ಸನ್ ಅವರು ಮನೆಮಾತನ್ನು ಅಳತೆಯರಿತು ಬಳಸುವ ದ್ವಿಭಾಷಾ ವಿಧಾನವನ್ನು ರೂಪಿಸಿದ್ದರು. ಹಾಗಾಗಿ ನೀವು ಅಪರಾಧವೆಂದು ಭಾವಿಸಿರುವುದು ಈ ಕ್ಷೇತ್ರದಲ್ಲಿ ಗೌರವದ ಸ್ಥಾನ ಪಡೆದಿರುವ ಒಂದು ಬೋಧನಾ ಕ್ರಮ.

ಆದರೂ ನಿಯಮ ಮಾಡಿದವರ ಆತಂಕವನ್ನು ತಳ್ಳಿಹಾಕಲಾಗದು. ಶಿಕ್ಷಕರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿ, ಕೂಡಲೇ ಅದನ್ನೇ ಕನ್ನಡದಲ್ಲಿ ಹೇಳಿ, ಹೀಗೆಯೇ ನಲವತ್ತು ನಿಮಿಷ ಸಾಗಿಸುವ ತರಗತಿಗಳಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಅರ್ಥ ಹೇಗೂ ಇನ್ನೊಂದು ಕ್ಷಣಕ್ಕೆ ಕನ್ನಡದಲ್ಲಿ ಬರುತ್ತದೆಂದು ಗೊತ್ತಿರುವುದರಿಂದ ಮಕ್ಕಳು ಮೊದಲ ವಾಕ್ಯಕ್ಕೆ ಕಿವಿಗೊಡುವುದನ್ನೇ ಬಿಟ್ಟಿರುತ್ತಾರೆ. ಊಹಿಸುವ, ತಡವರಿಸುವ, ಅರ್ಧ ಅರ್ಥವಾದದ್ದನ್ನು ಹಿಡಿದು ಮುಂದೆ ಹೋಗುವ ಅಭ್ಯಾಸವಿಲ್ಲದೆ ಯಾವ ಭಾಷೆಯೂ ಒಲಿಯುವುದಿಲ್ಲ, ಮತ್ತು ಸಾಲುಸಾಲಿನ ಅನುವಾದ ಕಿತ್ತುಕೊಳ್ಳುವುದು ಆ ಅಭ್ಯಾಸವನ್ನೇ.

ಇದಕ್ಕೆ ಒಂದು ಸರಳ ಉಪಾಯವಿದೆ. ಹೊಸ ಮಾತನ್ನು ಮೊದಲು ಇಂಗ್ಲಿಷಿನಲ್ಲಿ ಹೇಳಿ, ಅದರ ಅರ್ಥವನ್ನು ಒಮ್ಮೆ ಮಾತ್ರ ಮೆಲುದನಿಯಲ್ಲಿ ಕನ್ನಡದಲ್ಲಿ ಹೇಳಿ, ಮತ್ತೆ ಇಂಗ್ಲಿಷಿನಲ್ಲೇ ಸ್ಪಷ್ಟವಾಗಿ ಹೇಳಿ ಮಕ್ಕಳಿಂದ ಅದನ್ನು ಬಳಸಿಸಬೇಕು. ಮರುದಿನ ಅದೇ ಮಾತು ಬಂದಾಗ ಕನ್ನಡ ಬೇಡ. ನೆನಪಿಲ್ಲದವರು ಪಕ್ಕದವರನ್ನು ಕೇಳಿಕೊಳ್ಳಲಿ. ‘ಜಂಪ್’ ಎಂಬುದನ್ನು ಜಿಗಿದು ತೋರಿಸಬಹುದು, ಅದಕ್ಕೆ ಅನುವಾದ ಏಕೆ? ‘ಆಲ್ದೋ’ ಎಂಬುದನ್ನು ತೋರಿಸಲಾಗದು. ಇಂಗ್ಲಿಷಿನಲ್ಲೇ ವಿವರಿಸಹೊರಟರೆ ಹತ್ತು ನಿಮಿಷ ಕಳೆದರೂ ಗೊಂದಲ ತೀರದು. ‘ಆದರೂ’ ಎಂಬ ಒಂದು ಮಾತು ಸಾಕು.

ವ್ಯಾಕರಣದಲ್ಲಿ ಮನೆಮಾತಿನ ಉಪಯೋಗ ಇನ್ನೂ ದೊಡ್ಡದು. ‘ಐ ಆಮ್ ಲಿವಿಂಗ್ ಹಿಯರ್ ಫ್ರಮ್ ಟೆನ್ ಇಯರ್ಸ್’ ಎಂದು ಬರೆದ ಮಗು ಅಜಾಗರೂಕತೆಯಿಂದ ಹಾಗೆ ಬರೆದಿಲ್ಲ. ‘ಹತ್ತು ವರ್ಷದಿಂದ ಇದ್ದೇನೆ’ ಎಂಬಲ್ಲಿನ ‘ಇಂದ’ ಪ್ರತ್ಯಯಕ್ಕೆ ಅದು ‘ಫ್ರಮ್’ ಹುಡುಕಿಕೊಂಡಿದೆ, ವರ್ತಮಾನದ ‘ಇದ್ದೇನೆ’ಗೆ ವರ್ತಮಾನದ ಕ್ರಿಯಾಪದವನ್ನೇ ಇಟ್ಟಿದೆ. ಕೆಂಪು ಗೆರೆ ಎಳೆದು ಮುಂದೆ ಹೋಗುವ ಬದಲು ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ. ಕನ್ನಡ ‘ಇಂದ’ ಎನ್ನುವ ಕಡೆ, ಅವಧಿಯ ಮಾತಾದರೆ ಇಂಗ್ಲಿಷ್ ‘ಫಾರ್’ ಎನ್ನುತ್ತದೆ, ಕ್ರಿಯಾಪದವೂ ‘ಹ್ಯಾವ್ ಲಿವ್ಡ್’ ಎಂದಾಗುತ್ತದೆ ಎಂದು ಕನ್ನಡದಲ್ಲೇ ತೋರಿಸಿ, ನಂತರ ಹತ್ತು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಹೇಳಿಸಿ. ಮಕ್ಕಳಿಗೆ ಗೊತ್ತಿರುವ ಭಾಷೆಯೇ ಇಲ್ಲಿ ಅತ್ಯುತ್ತಮ ಬೋಧನೋಪಕರಣ.

ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮ ಶಾಲೆಯ ಪರ. ಎಷ್ಟೋ ಶಿಕ್ಷಕರು ಪಾಠದ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಓದಿಸಿ, ಪುಸ್ತಕ ತೆಗೆಯಿರಿ, ಜೋಡಿಯಾಗಿ ಕುಳಿತುಕೊಳ್ಳಿ, ಗಲಾಟೆ ಮಾಡಬೇಡಿ ಎನ್ನುವುದನ್ನೆಲ್ಲ ಮನೆಮಾತಿನಲ್ಲಿ ಹೇಳುತ್ತಾರೆ. ಆಗ ನಿಜವಾದ ವ್ಯವಹಾರವೆಲ್ಲ ಮನೆಮಾತಿನದು, ಇಂಗ್ಲಿಷ್ ಬರೀ ಪುಸ್ತಕದ್ದು ಎಂದು ಮಕ್ಕಳು ತಿಳಿಯುತ್ತಾರೆ. ದಿನವೂ ಮರುಕಳಿಸುವ ಈ ಮಾತುಗಳೇ ಸುಲಭವಾಗಿ ಮೈಗೂಡುವ ಇಂಗ್ಲಿಷ್. ಅವನ್ನು ಇಂಗ್ಲಿಷಿಗೇ ಬಿಟ್ಟುಕೊಡಿ.

ಎಷ್ಟರ ಮಟ್ಟಿಗೆ ಎಂದು ಕೇಳಿದ್ದೀರಿ. ಎಲ್ಲ ತರಗತಿಗಳಿಗೂ ಹೊಂದುವ ಶೇಕಡಾವಾರು ಮಿತಿಯನ್ನು ನಾನು ಹೇಳಲಾರೆ. ಒಂದು ಪಾಠವನ್ನು ಧ್ವನಿಮುದ್ರಿಸಿಕೊಂಡು ಕೇಳಿ, ಭಾಷೆ ಬದಲಾದ ಪ್ರತಿಯೊಂದು ಕಡೆಯೂ ಕಾರಣವೇನೆಂದು ಬರೆದಿಟ್ಟುಕೊಳ್ಳಿ. ಕಾರಣ ಸಿಗದ ಬದಲಾವಣೆಗಳನ್ನು ಮುಂದಿನ ವಾರ ಕೈಬಿಡಬಹುದು.

ಪ್ರಶ್ನೆ: ನನ್ನ ಮಗಳ ಶಾಲೆಯಲ್ಲಿ ಇಂಗ್ಲಿಷ್ ತರಗತಿಯಲ್ಲಿ ಮನೆಮಾತು ಆಡಿದ ಮಕ್ಕಳಿಗೆ ದಂಡ ಹಾಕುತ್ತಾರೆ. ಅವಳು ಮನೆಯಲ್ಲಿ ಎರಡೂ ಭಾಷೆ ಬೆರೆಸಿ ಮಾತನಾಡುತ್ತಾಳೆ. ಇದರಿಂದ ಎರಡೂ ಕೆಡುತ್ತವೆಯೇ?

ಉತ್ತರ: ಕೆಡುವುದಿಲ್ಲ. ಭಾಷಾ ವಿಜ್ಞಾನದಲ್ಲಿ ಸಂಕೇತ ಪಲ್ಲಟ ಅಥವಾ ಕೋಡ್ ಸ್ವಿಚಿಂಗ್ ಎನ್ನುವ ಈ ನಡೆ ಗೊಂದಲದ ಗುರುತಲ್ಲ. ನ್ಯೂಯಾರ್ಕ್‌ನಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಆಡುವ ಪೋರ್ಟೋರಿಕನ್ ಜನರ ಮಾತನ್ನು ಅಭ್ಯಸಿಸಿದ ಶಾನಾ ಪೊಪ್ಲಾಕ್ 1980ರಲ್ಲಿ ತೋರಿಸಿದಂತೆ, ಒಂದೇ ವಾಕ್ಯದ ಒಳಗೆ ಭಾಷೆ ಬದಲಿಸುತ್ತಿದ್ದವರು ಹೆಚ್ಚಾಗಿ ಎರಡೂ ಭಾಷೆಗಳಲ್ಲಿ ಚೆನ್ನಾಗಿ ನುರಿತವರು. ಹೊಸದಾಗಿ ಕಲಿಯುವ ಮಗು ಇಂಗ್ಲಿಷ್ ಪದ ಸಿಗದೆ ಮನೆಮಾತಿನ ಪದ ಬಳಸುವುದು ಇದಕ್ಕಿಂತ ಬೇರೆ ಸಂಗತಿ. ಅಂಥಲ್ಲಿ ದೊಡ್ಡವರು ಬೇಕಾದ ಪದವನ್ನು ಒದಗಿಸಿ ಮಾತು ಮುಂದುವರಿಯಲು ಬಿಟ್ಟರೆ ಸಾಕು.

ದಂಡದ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಹತ್ತೊಂಬತ್ತನೆಯ ಶತಮಾನದ ವೇಲ್ಸ್‌ನಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಜಪಾನಿನ ಓಕಿನಾವಾದ ಶಾಲೆಗಳಲ್ಲೂ ಸ್ಥಳೀಯ ಭಾಷೆ ಆಡಿದವರಿಗೆ ಇಂಥದ್ದೇ ಫಲಕವಿತ್ತು. ದಂಡಕ್ಕೆ ಹೆದರಿದ ಮಗು ಇಂಗ್ಲಿಷ್ ಮಾತನಾಡಲು ತೊಡಗುವುದಕ್ಕಿಂತ ಸುಮ್ಮನಾಗುವುದೇ ಹೆಚ್ಚು, ಮತ್ತು ಸುಮ್ಮನಿರುವ ಮಗುವಿಗೆ ಏನು ಗೊತ್ತಿಲ್ಲವೆಂಬುದು ಶಿಕ್ಷಕರಿಗೆ ತಿಳಿಯುವುದೇ ಇಲ್ಲ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಕಲಿಯುತ್ತಿದ್ದ ಮಕ್ಕಳು ಜೋಡಿಯಾಗಿ ಕೆಲಸ ಮಾಡುವಾಗ ತಮ್ಮ ಮನೆಮಾತಾದ ಇಂಗ್ಲಿಷನ್ನು ಏಕೆ ಬಳಸುತ್ತಾರೆಂದು ಮೆರಿಲ್ ಸ್ವೇನ್ ಮತ್ತು ಶರೋನ್ ಲ್ಯಾಪ್ಕಿನ್ 2000ದಲ್ಲಿ ಪರಿಶೀಲಿಸಿದಾಗ, ಅದರಲ್ಲಿ ಬಹುಪಾಲು ಕೊಟ್ಟ ಕೆಲಸವನ್ನು ಅರ್ಥಮಾಡಿಕೊಳ್ಳಲು, ಸರಿಯಾದ ಪದ ಹುಡುಕಲು ಆಡಿದ ಮಾತಾಗಿತ್ತು. ಇದನ್ನು ಮುಖ್ಯೋಪಾಧ್ಯಾಯರ ಗಮನಕ್ಕೆ ತನ್ನಿ. ದಂಡಕ್ಕೆ ಬದಲಾಗಿ, ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ತರಗತಿಯ ಮುಂದೆ ಮಂಡಿಸುವುದು ಇಂಗ್ಲಿಷಿನಲ್ಲಿರಲಿ ಎಂಬ ನಿಯಮವನ್ನು ನೀವು ಸೂಚಿಸಬಹುದು.

ಪ್ರಶ್ನೆ: ನನ್ನ ತರಗತಿಯಲ್ಲಿ ನಾಲ್ಕು ಮನೆಮಾತುಗಳ ಮಕ್ಕಳಿದ್ದಾರೆ. ನನಗೆ ಎರಡು ಮಾತ್ರ ಗೊತ್ತು. ಏನು ಮಾಡಲಿ?

ಉತ್ತರ: ನಿಮಗೆ ನಾಲ್ಕೂ ಬರಬೇಕಿಲ್ಲ. ಕೆಲಸವನ್ನು ಚರ್ಚಿಸುವಾಗ ಒಂದೇ ಮನೆಮಾತಿನವರನ್ನು ಜೊತೆಗೆ ಕೂರಿಸಿ, ಪ್ರತಿ ಮಗುವೂ ಹೊಸ ಪದಗಳ ಅರ್ಥವನ್ನು ತನ್ನ ಭಾಷೆಯಲ್ಲಿ ಬರೆದಿಟ್ಟುಕೊಳ್ಳಲಿ. ನೀವು ಮಾತ್ರ ಇಡೀ ತರಗತಿಗೆ ಹೇಳುವುದನ್ನು ಸರಳ ಇಂಗ್ಲಿಷಿನಲ್ಲೇ ಹೇಳಿ, ಏಕೆಂದರೆ ನಿಮಗೆ ಗೊತ್ತಿರುವ ಎರಡು ಭಾಷೆಗಳಲ್ಲೇ ವಿವರಿಸುತ್ತ ಹೋದರೆ ಉಳಿದ ಮಕ್ಕಳು ಎರಡು ಸಲ ಹೊರಗುಳಿಯುತ್ತಾರೆ. ತನ್ನ ಮಾತಾಡುವವರು ಇನ್ನೊಬ್ಬರಿಲ್ಲದ ಮಗು ತರಗತಿಯಲ್ಲಿದ್ದರೆ, ಗುಂಪು ಕೆಲಸದ ಮೊದಲ ಐದು ನಿಮಿಷ ನೀವೇ ಅದರ ಪಕ್ಕ ಕುಳಿತುಕೊಳ್ಳಿ.